ಹಕ್ಕಿಯ ತವರುಮನೆ

ಈರಯ್ಯ ಹೆಂಡತಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗಲೇ ಮಗಳು ಶಿವಾನಿ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪಾ, ಪೆರು ಟಿಕೆಟ್ ಇವತ್ತ ಕ್ಯಾನ್ಸಲ್ ಮಾಡ್ತೀನಿ. ನೀ ಒಬ್ಬನ ಎಲ್ಲಿ ಹೋಗ್ತೀ?"

"ಮೊದಲ ಮಣ್ಣಾಗ್ಲಿ, ತಡಿ."

ಮೊನ್ನೆ ನಿದ್ದೆಯಲ್ಲೇ ಹೋಗಿಬಿಟ್ಟ ಗುರುಶಾಂತವ್ವ ಇಳಕಲ್ ಸೀರೆಯುಟ್ಟು ಮಲಗಿದ್ದಳು. ಮುಂದಿನ ತಿಂಗಳ ಪ್ರಯಾಣಕ್ಕೆ ಹಟ ಹಿಡಿದು ಗೆದ್ದವಳು. ಗೆದ್ದಳೆಂದು ಹೇಳುವುದೂ ಕಷ್ಟವೇ. ಸಂಸಾರದುದ್ದಕ್ಕೂ ಈರಯ್ಯ ಹೂಂ ಎಂದವನಲ್ಲ, ಊಹೂಂ ಎಂದವನೂ ಅಲ್ಲ. "ನೋಡೂಣಂತ" ಎಂದು ಜಾರಿಕೊಳ್ಳುವ ಆಸಾಮಿ. ಆಕೆ ಅದನ್ನೇ ಒಪ್ಪಿಗೆಯೆಂದುಕೊಂಡು ಎರಡು ಟಿಕೆಟ್ ತೆಗೆಸಿದ್ದಳು.

*

ಕೊರೊನಾ ತಗ್ಗಿ, ಅವರು ನೆಲೆಸಿದ್ದ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಎಲ್ಲ ಬಾಗಿಲುಗಳೂ ಮತ್ತೆ ತೆರೆದ ವರ್ಷ. ಅಲ್ಲಿನ ಮೃಗಾಲಯದ ಹಕ್ಕಿಮನೆಯ ಬಲೆಯೊಳಗೆ ಗುಬ್ಬಿ ಗಾತ್ರದ ಟ್ಯಾನೇಜರ್ ಹಕ್ಕಿಯೊಂದು ಪಪ್ಪಾಯಿ ತಿನ್ನುತ್ತಿತ್ತು. ಮುಖ ಎಳೆ ಹಸಿರು, ಎದೆ ನೀಲಿ, ಬೆನ್ನು ಕಪ್ಪು, ಬಾಲದ ಮೇಲೆ ಕೆಂಡದ ಕೆಂಪು.

"ಏನ್ರೀ ಇದು, ಸೀರಿ ಅಂಗಡಿನ ಹಾರಿ ಬಂದಂಗಾತಲ್ಲ," ಎಂದಳು ಗುರುಶಾಂತವ್ವ.

"ನೋಡಿದ್ದಾತಲ್ಲ, ನಡಿ. ಊಟದ ಹೊತ್ತಾತು."

ಆಕೆ ಕದಲಲಿಲ್ಲ. ಮುಂದಿನ ವಾರವೇ ಅಲ್ಲಿ ವಾಲಂಟಿಯರ್ ಆದಳು. ಆಮೇಲೆ ಊಟದ ತಟ್ಟೆಯ ಮುಂದೆ ದಿನವೂ ಅದೇ ಪುರಾಣ. ಪೆರುವಿನ ಅಮೆಜಾನ್ ಕಾಡಿನಲ್ಲಿ ಅವು ಮರದ ತುದಿಯಲ್ಲೇ ಹಿಂಡಾಗಿ ತಿರುಗುತ್ತವಂತೆ, ನೆಲದಲ್ಲಿ ನಿಂತವರಿಗೆ ಕಾಣುವುದೇ ಇಲ್ಲವಂತೆ, ನೋಡಲೆಂದೇ ಮರದೆತ್ತರಕ್ಕೆ ಕಟ್ಟಿದ ಗೋಪುರ ಹತ್ತಬೇಕಂತೆ.

"ಅದರ ತವರುಮನಿ ನೋಡಿ ಬರೂಣ್ರಿ."

"ನೋಡೂಣಂತ."

*

ಎಲ್ಲರೂ ಬಿಲ್ವಪತ್ರೆ ಹಾಕಿ ಮಣ್ಣು ಕೊಟ್ಟರು. ಹಕ್ಕಿಮನೆಯ ಮೇಲ್ವಿಚಾರಕಿ ಮಾರಿಯಾ ಬಂದು ಈರಯ್ಯನ ಕೈ ಹಿಡಿದಳು. ಅವನಿಗೆ ತಿಳಿಯಲೆಂದು ಇಂಗ್ಲಿಷನ್ನು ನಿಧಾನಿಸಿ ಆಡಿದಳು. ಪೆರುವಿಗೆ ಹೋಗಲು ಗುರುಶಾಂತವ್ವನಿಗಿಂತ ಗಂಡನಿಗೇ ಅವಸರವಂತೆ, ಹಕ್ಕಿ ತೋರಿಸು ಎಂದು ದಿನಾ ಹೆಂಡತಿಯ ತಲೆ ತಿನ್ನುತ್ತಾನಂತೆ. ಹಕ್ಕಿ ನೋಡಲು ಬಂದ ಮಕ್ಕಳಿಗೆಲ್ಲ ಗುರುಶಾಂತವ್ವ ಹೇಳುತ್ತಿದ್ದುದು ಇದನ್ನೇ.

ಈರಯ್ಯನಿಗೆ ಮೊದಲು ನಗು ಬಂತು, ಹಿಂದೆಯೇ ಅಳು. ಮಹಾ ಸುಳ್ಳಿ. ತನ್ನಂಥ ಮೈಗಳ್ಳನನ್ನು ಊರ ಮುಂದೆ ಎಷ್ಟು ಚೆಂದ ಮಾಡಿಟ್ಟಿದ್ದಳು!

"ಯೆಸ್," ಎಂದ. "ನೆಕ್ಸ್ಟ್ ಮಂತ್."

ನೆರೆಮನೆಯ ಅಪ್ಪಾಸಾಹೇಬ ಶಿವಾನಿಯ ಕಡೆ ತಿರುಗಿದ. "ನಿಮ್ಮಪ್ಪಾರು ಕಾಯಿಪಲ್ಲೆ ತರಾಕ ಒಲ್ಲೆ ಅನ್ನೋರು. ಕಾಡಿಗೆ ಹೊಂಟಾರೇನು?"

"ದುಃಖದಾಗ ಮಾತಾಡ್ಲಿಕತ್ಯಾರ್ರಿ," ಎಂದಳು ಶಿವಾನಿ.

ಮನೆಗೆ ಬಂದು ಎಲ್ಲರ ಸ್ನಾನವಾಯಿತು. ಸಂಜೆ ಶಿವಾನಿ ಫೋನು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಪ್ರಯಾಣಕ್ಕೆಂದು ಗುರುಶಾಂತವ್ವ ಗಂಡನಿಗೆ ತಂದಿಟ್ಟಿದ್ದ ಬೂಟಿನ ಡಬ್ಬಿಯನ್ನು ಈರಯ್ಯ ಈವರೆಗೆ ತೆರೆದೂ ನೋಡಿರಲಿಲ್ಲ. ಈಗ ಅದು ಮೆಟ್ಟಿಲ ಮೇಲೆ ಬಾಯ್ತೆರೆದು ಖಾಲಿ ಬಿದ್ದಿತ್ತು.

"ಅಪ್ಪಾ, ಏರ್‌ಲೈನ್‌ದವ್ರು ಲೈನ್‌ನ್ಯಾಗ ಅದಾರ. ಏನ್ ಹೇಳ್ಲಿ?"

"ಹಿಮ್ಮಡಕ್ಕ ಸ್ವಲ್ಪ ಕಚ್ಚತಾವ," ಎಂದ ಈರಯ್ಯ. ಒಗೆದ ಧೋತರವನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ದಪದಪ ಹೆಜ್ಜೆ ಹಾಕುತ್ತ ಹಿತ್ತಲಿನ ಇನ್ನೊಂದು ಸುತ್ತಿಗೆ ಹೊರಟ.