ಭಜನೆ ನಿಂತ ಮೇಲಿನ ಫೋಟೋ

ಹುಟ್ಟಿನಿಂದಲೇ ನನಗೆ ಕಿವಿ ಕೇಳುವುದಿಲ್ಲ. ಹಾಗಂತ ಸಂಗೀತವೆಲ್ಲ ಕೇಳುವವರ ಸ್ವತ್ತು ಎಂದು ಯಾರಾದರೂ ಹೇಳಿದರೆ ಮೈ ಉರಿಯುತ್ತದೆ. ನಾನು ಸಂಗೀತದ ಫೋಟೋ ತೆಗೆಯುವವಳು. ಸ್ಟೀಲಿನ ತಟ್ಟೆಗೆ ಸ್ವಲ್ಪ ನೀರು ಹಾಕಿ, ಕಿಟಕಿಯ ಬೆಳಕು ಬೀಳುವಲ್ಲಿ ನೆಲದ ಮೇಲಿಡುತ್ತೇನೆ. ಹಾಡು ಶುರುವಾದರೆ ನೀರು ನಡುಗುತ್ತದೆ, ಬೆಳಕು ಒಡೆಯುತ್ತದೆ, ನಾನು ಕ್ಲಿಕ್ಕಿಸುತ್ತೇನೆ. ಚೆಂಡೆಗೆ ಒಂದು ಚಿತ್ತಾರ, ತಬಲಾಕ್ಕೆ ಇನ್ನೊಂದು. ಯಾವುದು ಯಾವುದೆಂದು ಫೋಟೋ ನೋಡಿಯೇ ಹೇಳಬಲ್ಲೆ.

ಆ ಭಾನುವಾರ ಮಧ್ಯಾಹ್ನ ಉಪ್ಪಳದ ಹತ್ತಿರದ ನಮ್ಮ ಭಜನಾ ಮಂದಿರದಲ್ಲಿ ಮಕ್ಕಳ ಕುಣಿತ ಭಜನೆಯ ಅಭ್ಯಾಸವಿತ್ತು. ಅಕ್ಕನ ಮಗಳು ಪೂಜಾಶ್ರೀ ಆ ತಂಡದಲ್ಲಿದ್ದಾಳೆ. ನನ್ನ ಕೈಭಾಷೆ ಸರಿಯಾಗಿ ಬರುವುದು ಅವಳೊಬ್ಬಳಿಗೇ. ಕಲಿಸುವವರು ಹರಿನಾಥಣ್ಣ. ಮಂದಿರದ ಕಮಿಟಿಯ ಅಧ್ಯಕ್ಷರೂ ಅವರೇ, ಊಟದ ಹಾಲ್ ಕಟ್ಟಬೇಕೆಂದು ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿಸಿದವರೂ ಅವರೇ. ವಾರವಿಡೀ ಹೊಯ್ದ ಮಳೆ ಅಂದು ಬಿಟ್ಟಿತ್ತು.

ಮಕ್ಕಳು ತಾಳ ಹಿಡಿದು ಸುತ್ತು ಬಂದರು. ಅವರ ಹೆಜ್ಜೆಗೆ ತಟ್ಟೆಯ ನೀರು ಸಣ್ಣ ಸಣ್ಣ ಗೆರೆಗಳಾಗಿ ಕುಣಿಯಿತು. ನನಗೆ ಖುಷಿಯೋ ಖುಷಿ. ಹರಿನಾಥಣ್ಣ ಕೈ ಎತ್ತಿದರು. ಬಾಯಿಗಳು ಮುಚ್ಚಿದವು, ತಾಳಗಳು ಕೆಳಗಿಳಿದವು.

ನೀರು ಮಾತ್ರ ನಿಲ್ಲಲಿಲ್ಲ.

ಈಗ ಅದರಲ್ಲಿ ಅಗಲವಾದ, ನಿಧಾನದ ಅಲೆಗಳು. ಬರುತ್ತಿದ್ದುದು ಮಕ್ಕಳ ಕಡೆಯಿಂದಲ್ಲ, ಹಿಂದಿನ ಗೋಡೆಯ ಕಡೆಯಿಂದ. ಒಂದರ ಹಿಂದೆ ಒಂದು ಫೋಟೋ ತೆಗೆದೆ. ಯಾರು ಬಾರಿಸುತ್ತಿದ್ದಾರೆ ಎಂದು ಪೂಜಾಶ್ರೀಯನ್ನು ಸನ್ನೆಯಲ್ಲಿ ಕೇಳಿದೆ.

"ಯಾರೂ ಇಲ್ಲ, ಚಿಕ್ಕಮ್ಮ," ಅಂದವು ಅವಳ ಕೈಗಳು.

ಹತ್ತಿರದಲ್ಲೇ ಹಾಯುವ ರೈಲು ಇಷ್ಟು ಹೊತ್ತು ನಡುಗಿಸುವುದಿಲ್ಲ. ಜೆಸಿಬಿಗೂ ಭಾನುವಾರ ರಜೆ. ನೆಲಕ್ಕೆ ಅಂಗೈ ಒತ್ತಿದೆ. ನಡುಕ ಗುಡ್ಡದ ಕಡೆಯಿಂದಲೇ ಬರುತ್ತಿತ್ತು.

ಕ್ಯಾಮೆರಾ ಹಿಡಿದು ಹರಿನಾಥಣ್ಣನ ಹತ್ತಿರ ಓಡಿದೆ. ಭಜನೆಯ ಚಿತ್ರ ತೋರಿಸಿದೆ, ಭಜನೆ ನಿಂತ ಮೇಲಿನ ಚಿತ್ರ ತೋರಿಸಿದೆ, ಗುಡ್ಡದ ಕಡೆ ಕೈ ಮಾಡಿದೆ. ಪೂಜಾಶ್ರೀ ನನ್ನ ಮಾತನ್ನು ಅವರಿಗೂ ಅವರ ಮಾತನ್ನು ನನಗೂ ದಾಟಿಸಿದಳು. ಅವರು ಎಲ್ಲರನ್ನೂ ಸುಮ್ಮನಿರಿಸಿ ಕಿವಿಗೊಟ್ಟರು.

"ಎಂತ ಸದ್ದೂ ಇಲ್ಲ ಮಾರಾಯ್ತಿ. ಕೇಳುವ ನಮಗೇ ಇಲ್ಲ, ನಿನಗೆ ಎಲ್ಲಿಂದ ಬಂತು? ಗಟ್ಟಿ ಮುರಕಲ್ಲಿನ ಗುಡ್ಡ ಉಂಟು ಅದು. ಮಕ್ಕಳನ್ನು ಹೆದರಿಸಬೇಡ."

ಮಕ್ಕಳು ನಕ್ಕರು. ತಾಳಗಳು ಮತ್ತೆ ಮೇಲೆದ್ದವು. ತಟ್ಟೆಯ ನೀರು ಅಂಚು ದಾಟಿ ನೆಲಕ್ಕೆ ಚೆಲ್ಲಿತು.

ಪೂಜಾಶ್ರೀಯ ಕೈ ಹಿಡಿದು ಓಡಬಹುದಿತ್ತು. ಉಳಿದ ಮಕ್ಕಳ ಗತಿ? ನನ್ನ ಮಾತಿಗಂತೂ ಯಾರೂ ಹೊರಗೆ ಬರುವವರಲ್ಲ. ಹಿಂದುಮುಂದು ನೋಡದೆ ಪೀಠದಿಂದ ದೇವರ ಫೋಟೋವನ್ನೇ ಎತ್ತಿಕೊಂಡೆ. ಮಲ್ಲಿಗೆ ಮಾಲೆ ಬಿತ್ತು, ದೀಪ ಉರುಳಿತು. ಎದೆಗವಚಿಕೊಂಡು ಓಡಿ ಅಂಗಳ ದಾಟಿ ಎದುರಿನ ಗದ್ದೆಗಿಳಿದೆ. ತಿರುಗಿ ನೋಡಿದರೆ ಎಲ್ಲರೂ ಬಂದಿದ್ದರು, ದೇವರನ್ನು ಕದ್ದವಳನ್ನು ಹಿಡಿಯಲು. ಒಂದು ಮಗುವೂ ಒಳಗೆ ಉಳಿದಿರಲಿಲ್ಲ. ನನಗೆ ನಗು ಬಂತು.

ಹರಿನಾಥಣ್ಣ ಫೋಟೋ ಕಿತ್ತುಕೊಂಡರು. "ಹುಚ್ಚು" ಎಂಬ ಮಾತು ಅವರ ತುಟಿಯಲ್ಲೇ ತಿಳಿಯಿತು. ಮಕ್ಕಳನ್ನು ಕರೆದರು. ಪೂಜಾಶ್ರೀ ಎರಡೂ ಕೈ ಚಾಚಿ ಮಕ್ಕಳನ್ನು ತಡೆದಳು. ಹರಿನಾಥಣ್ಣ ಕಾಯಲಿಲ್ಲ. ದೇವರು ಗದ್ದೆಯಲ್ಲಿರುವಾಗ, ದೀಪ ಆರಿರುವಾಗ ಅವರು ನಿಲ್ಲುವವರೂ ಅಲ್ಲ. ಅವರ ಶಾಲು ಹಿಡಿದೆಳೆದೆ. ಶಾಲು ನನ್ನ ಕೈಯಲ್ಲಿ ಉಳಿಯಿತು, ಅವರು ಒಳಗೆ ಹೋದರು. ಒಳಗೆ ಹೋಗುವ ಕಾರಣವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ.

ಮಂದಿರಕ್ಕೆ ಬೆನ್ನು ಹಾಕಿ ಪೂಜಾಶ್ರೀಯತ್ತ ತಿರುಗಿದೆ. ಕರೆ, ಗಟ್ಟಿಯಾಗಿ ಕರೆ ಅವರನ್ನು ಎಂದು ಕೈ ಬೀಸಿದೆ. ಉತ್ತರ ಕೊಡಲು ಎತ್ತಿದ ಅವಳ ಕೈಗಳು ಅರ್ಧದಲ್ಲೇ ನಿಂತವು. ಅವಳ ಕಣ್ಣು ನನ್ನ ಹಿಂದೆ ಎಲ್ಲೋ ಇತ್ತು. ನನ್ನ ಅಂಗಾಲಿನ ಅಡಿ ಗದ್ದೆ ಅದುರಿತು.

ಮಕ್ಕಳ ಬಾಯಿಗಳೆಲ್ಲ ಒಟ್ಟಿಗೆ ತೆರೆದವು. ಹಾಡುವ ಬಾಯಿ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅದು ಹಾಡಲ್ಲ.