ಬಾಲಪ್ಪನ ಎಡೆ

ಕರಡಿಗುಡ್ಡದ ಹಳಿ ಕಿತ್ತು ಒಯ್ಯಲು ಗುಜರಿ ಠೇಕೇದಾರ ಬರುತ್ತಾನೆಂಬ ಸುದ್ದಿ ಹಬ್ಬಿದ್ದೇ ತಡ, ಕರಿಯವ್ವ ನೆಟ್ಟಗೆ ಕರಿಬಸಪ್ಪನ ಮನೆಗೆ ಹೋದಳು. ಜರ್ಮನಿಯ ಲಡಾಯಿಯ ಕಾಲ, ತುಕ್ಕು ಹಿಡಿದ ಮೊಳೆಗೂ ಬೆಲೆ ಬಂದಿತ್ತು. ಕರಿಬಸಪ್ಪ ಹಿಂದೆ ಗುಡ್ಡದ ಕಲ್ಲುಗಣಿಯ ಆಳುಗಳ ಮೇಲಿನ ಮುಕಾದಮ. ಗಣಿ ಮುಚ್ಚಿ ವರ್ಷಗಳಾದರೂ ಕಟ್ಟೆಯ ಮೇಲೆ ಕೂರುವ ಠೀವಿ ಮುಚ್ಚಿರಲಿಲ್ಲ.

"ಗುಡ್ಡಕ್ಕ ಬರ್ರಿ ಮುಕಾದಮ್ರ. ಟ್ರಾಲಿ ಇನ್ನೂ ಕೊಳ್ಳದಾಗ ಬಿದ್ದೈತಿ. ಅದನ್ನ ಒಯ್ಯೂದ್ರಾಗ ಬ್ರೇಕ್ ಹೆಂಗೈತಿ ನಿಮ್ಮ ಕಣ್ಣಿಲೆ ನೋಡ್ರಿ."

"ನೋಡಿ ಆರತಿ ಎತ್ತಲೇನು?"

"ಬ್ರೇಕ್ ಬಿಗಿದಿದ್ರ ನನ್ನ ಗಂಡನ ಎಡಿ ಎಲ್ಲಾರ ಜೋಡಿ ಇಡಸ್ರಿ. ಅಷ್ಟ ಸಾಕು."

ಅವಳು ಕೇಳಿದ್ದು ಅಷ್ಟೇ. ಮೇಲಿನಿಂದ ಕಲ್ಲು ತುಂಬಿದ ಟ್ರಾಲಿಗಳು ಇಳಿಜಾರಿನ ಹಳಿಯ ಮೇಲೆ ತಾವೇ ಉರುಳಿ ಬರುತ್ತಿದ್ದವು. ಅವನ್ನು ತಡೆದು ಇಳಿಸಲು ಒಬ್ಬ ಆಳು ಬ್ರೇಕು ಹಿಡಿದಿರಬೇಕು. ಆ ಆಳು ಕರಿಯವ್ವನ ಗಂಡ ಬಾಲಪ್ಪ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಟ್ರಾಲಿ ಹಿಡಿತ ತಪ್ಪಿ ಮೊದಲ ತಿರುವಿನಲ್ಲಿ ಕೊಳ್ಳಕ್ಕೆ ಹಾರಿತು. ಅದರ ಕಲ್ಲಿನ ಮೇಲೆ ಕೂತಿದ್ದ ಆಳುಗಳಾದ ದುರುಗಪ್ಪ, ಗಿಡ್ಡಪ್ಪ ಸತ್ತರು, ಬಾಲಪ್ಪನೂ ಸತ್ತ. ಬಾಲಪ್ಪ ತೂಕಡಿಸಿ ಬ್ರೇಕು ಬಿಟ್ಟನೆಂದು ಕರಿಬಸಪ್ಪ ಹೇಳಿದ, ಊರು ನಂಬಿತು. ಬಿದ್ದವನಿಗೆ ಆಳಿಗೊಂದು ಕಲ್ಲು. ಪ್ರತಿ ವರ್ಷ ಮಾನಾಮಿ ಅಮಾಸಿಗೆ ಗುಡ್ಡದ ಬುಡದಲ್ಲಿ ಸತ್ತವರಿಗೆ ಎಡೆ ಇಡುವಾಗ ಎರಡೇ ಎಲೆ ಹಾಸುತ್ತಿದ್ದರು. ಕೊಂದವನಿಗೆ ಎಂಥ ಎಡೆ ಎಂದು ದುರುಗಪ್ಪನ ಹೆಂಡತಿ ಮುದಕಮ್ಮ ಮೊದಲ ವರ್ಷವೇ ಬಾಲಪ್ಪನ ಎಲೆಯನ್ನು ಕಾಲಿನಿಂದ ಒದ್ದಿದ್ದಳು. ಆ ಒದೆ ಕರಿಯವ್ವನ ಎದೆಯಲ್ಲಿ ಇನ್ನೂ ಆರಿರಲಿಲ್ಲ.

ಕರಿಬಸಪ್ಪ ಬಂದದ್ದು ಅವಳ ಮೇಲಿನ ಕರುಣೆಯಿಂದಲ್ಲ, ಅವಳ ಬಾಯಿ ಮುಚ್ಚಿಸಲು. ಇಬ್ಬರೂ ಹಳಿ ಹಿಡಿದು ಏರಿದರು. ಹಳಿಯ ಕೆಳಗಿನ ಮರದ ದಿಮ್ಮಿಗಳನ್ನು ಗೆದ್ದಲು ತಿಂದು ಹಾಕಿತ್ತು. ಕೆಲವು ಕಡೆ ಹಳಿ ಗಾಳಿಯಲ್ಲಿ ತೂಗುತ್ತಿತ್ತು. ಜಾಲಿಮುಳ್ಳು ಸೀರೆ ಹರಿಯಿತು. ಮುಕಾದಮ ಮುಂದೆ, ಅವಳು ಹಿಂದೆ, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಒಂದು ಕಡೆ ಅವನು ಕಲ್ಲು ಜಾರಿ ಕುಸಿದ. ಅವಳು ಕೈ ಕೊಡಲಿಲ್ಲ, ಅವನೂ ಕೇಳಲಿಲ್ಲ.

ತಿರುವಿನ ಕೆಳಗೆ ಟ್ರಾಲಿ ಮಗುಚಿ ಬಿದ್ದಿತ್ತು. ಕರಿಯವ್ವ ಕೊಳ್ಳಕ್ಕೆ ಇಳಿದು ಮುಳ್ಳು ಸರಿಸಿದಳು. ಬ್ರೇಕಿನ ತಿರುಪು ಕೊನೆಯವರೆಗೂ ಬಿಗಿದಿತ್ತು. ಗಾಲಿಗಳು ಒಂದೊಂದು ಮಗ್ಗುಲಲ್ಲಿ ಸವೆದು ಚಪ್ಪಟೆಯಾಗಿದ್ದವು; ತಿರುಗದೆ ಹಳಿಯ ಮೇಲೆ ಎಳೆದುಕೊಂಡು ಬಂದ ಗುರುತು ಅದು. ಅವಳು ಚಪ್ಪಟೆ ಗಾಲಿಯ ಮೇಲೆ ಅಂಗೈ ಬಡಿದಳು.

"ನೋಡ್ರಿ! ಗಾಲಿ ತಿರುಗಿಲ್ಲ. ಹಿಡಿದಿದ್ದಾರ ಅವರು!"

ಕರಿಬಸಪ್ಪ ಕೋಲಿನಿಂದ ಗಾಲಿ ತಟ್ಟಿದ. "ಹಿಡಿದಾನ, ಇಲ್ಲ ಅಂದವರ್ಯಾರು? ಮೊದಲ ಸಡ್ಲ ಬಿಟ್ಟಾನ, ಗಾಡಿ ಓಡಾಕ ಹತ್ತಿದ ಮ್ಯಾಲೆ ಗಾಬರಿ ಬಿದ್ದು ಬಿಗಿದಾನ. ಮ್ಯಾಲಿಂದನ ಹಿಡಿದಿದ್ರ ಯಾಕ ಜಾರ್ತಿತ್ತು? ಅವತ್ತು ಮಳಿ ಇತ್ತೇನು? ಹೇಳಬೇ, ಯಾಕ ಜಾರಿತು?"

ಕರಿಯವ್ವ ಸಿಟ್ಟಿನಿಂದ ಕೊಳ್ಳ ಹತ್ತಿ, ಇಳಿಜಾರು ಶುರುವಾಗುವ ಗಣಿಯ ಬಾಯಿಗೆ ಹೋದಳು. ಅಲ್ಲಿ ಹಳಿಯ ಪಕ್ಕಕ್ಕೇ ಆಳುಗಳು ನಿಲ್ಲಿಸಿದ್ದ ದುರುಗವ್ವನ ಕಲ್ಲು. ಜೀವ ಕಾಯಬೇಕಾದವಳು ನೀನು, ಎಲ್ಲಿ ಸತ್ತಿದ್ದೆ ಎಂದು ದೇವಿಗೇ ಬೈಯಬೇಕೆಂದು ಬಾಯಿ ತೆರೆದಳು. ಕಲ್ಲಿನ ಮೈಮೇಲೆ ಹಳೆಯ ಎಣ್ಣೆ ಕಪ್ಪಗೆ ಹೆಪ್ಪುಗಟ್ಟಿತ್ತು. ತೆರೆದ ಬಾಯಿ ಹಾಗೇ ಉಳಿಯಿತು.

ಗಂಡನ ಜೀವ ಕಾಯಲೆಂದು ಅಮಾವಾಸ್ಯೆಗೊಮ್ಮೆ ದೇವಿಗೆ ಎಣ್ಣೆ ಹಾಕುವ ಹರಕೆ ಅವಳದು. ದೇವಿಗೆಂದು ಒಯ್ದ ಎಣ್ಣೆ ಮಿಕ್ಕರೆ ಮನೆಗೆ ತರಬಾರದು. ಬರೀ ಮಣ್ಣಿಗೆ ಚೆಲ್ಲಲು ಮನಸ್ಸಾಗದೆ, ಗಂಡನನ್ನು ಹೊರುವ ಹಳಿಯೂ ದೇವಿಯ ಮೈಯೇ ಅಲ್ಲವೇ ಎಂದು, ಗಂಡ ಸತ್ತ ದಿನ ಬೆಳಿಗ್ಗೆ ಗಿಂಡಿಯಲ್ಲಿ ಬಹುಪಾಲು ಮಿಕ್ಕ ಕುಸುಬಿ ಎಣ್ಣೆಯನ್ನು ಎರಡೂ ಹಳಿಗೆ ಉದ್ದಕ್ಕೆ ಸುರಿದು, ಕೈಯಾರೆ ಸವರಿ, ಮುಟ್ಟಿ ನಮಸ್ಕರಿಸಿ ಇಳಿದು ಬಂದಿದ್ದಳು. ಅಮಾವಾಸ್ಯೆಗೆ ಗಾಡಿ ಬಿಡುವ ಪದ್ಧತಿಯೇ ಇರಲಿಲ್ಲ. ಅದೊಂದು ದಿನ ಮಾತ್ರ ಮುಕಾದಮ ಬಿಟ್ಟಿದ್ದ. ದೇವಿಯ ಎಣ್ಣೆ ಕೇಡು ಮಾಡೀತೆಂದು ಅವಳು ಇಷ್ಟು ವರ್ಷ ಕನಸಿನಲ್ಲೂ ಎಣಿಸಿರಲಿಲ್ಲ.

ಕರಿಬಸಪ್ಪ ಕೆಳಗಿನಿಂದ ಕೂಗಿದ: "ಸಿಕ್ಕಿತೇನಬೇ ಉತ್ತರ?"

ತಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬಾಲಪ್ಪ ಕೊಲೆಗಾರನಾಗಿಯೇ ಉಳಿಯುತ್ತಾನೆ.

ಠೇಕೇದಾರ ಇನ್ನೂ ಬಂದಿರಲಿಲ್ಲ. ಮಾನಾಮಿ ಅಮಾಸಿಯ ದಿನ ಗುಡ್ಡದ ಬುಡದಲ್ಲಿ ಮುತ್ತಲ ಎಲೆಗಳು ಎರಡೇ ಹಾಸಿದ್ದವು. ಕರಿಯವ್ವ ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ ಹೊತ್ತು ಬಂದಳು.

"ಮತ್ತ ಬಂದ್ಲು ನೋಡ್ರಿ, ನಾಚಿಗಿಗೆಟ್ಟಾಕಿ," ಎಂದಳು ಮುದಕಮ್ಮ.

"ಬ್ರೇಕ್ ಬಿಗಿದೈತಿ, ಮುಕಾದಮ್ರೂ ನೋಡ್ಯಾರ. ಜಾರಿದ್ದು ಎಣ್ಣಿಯಿಂದ. ಹಳಿಗೆ ಎಣ್ಣಿ ಹಾಕಿದಾಕಿ ನಾನು."

ಅವಳು ಹರಕೆ, ಗಿಂಡಿ, ಕೈಯಾರೆ ಸವರಿದ್ದು, ಎಲ್ಲವನ್ನೂ ಹೇಳಿದಳು. ಕೊನೆಗೆ ಕರಿಬಸಪ್ಪನತ್ತ ತಿರುಗಿ, "ಅಮಾಸಿ ದಿನ ಗಾಡಿ ಬಿಟ್ಟವರು ನೀವು. ಅದನ್ನೂ ಹೇಳ್ರಿ," ಎಂದಳು.

"ನೀ ಎಣ್ಣಿ ಹಾಕಿದ್ದು ನನಗೇನು ಕನಸು ಬಿದ್ದಿತ್ತೇನು?" ಎಂದು ಅವನು ಹೆಗಲ ಮೇಲಿನ ಟವಲು ಕೊಡವಿ ನೋಟ ತಪ್ಪಿಸಿದ. ದೊಡ್ಡವರ ತಪ್ಪು ಟವಲು ಕೊಡವಿದರೆ ಉದುರಿ ಹೋಗುತ್ತದೆ. ಯಾರೂ ಅವನನ್ನು ಮತ್ತೆ ಕೇಳಲಿಲ್ಲ.

ಮುದಕಮ್ಮ ಎದ್ದು ಬಂದಳು. ಹೊಡೆಯುತ್ತಾಳೆಂದುಕೊಂಡು ಕರಿಯವ್ವ ನಿಂತೇ ಇದ್ದಳು. ಮುದಕಮ್ಮ ರೊಟ್ಟಿಯ ಗಂಟನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಅವಂದು ತಪ್ಪಿಲ್ಲ. ಅವನ ಎಡಿ ಇಡ್ತೀವಿ. ನಿನ್ನ ಕೈಲೆ ಬ್ಯಾಡ. ಹಳಿ ಆಚಿಗೆ ನಿಲ್ಲು, ಈಚಿಗೆ ಕಾಲಿಟ್ರ ಛಲೋ ಆಗಂಗಿಲ್ಲ."

ಕರಿಯವ್ವ ಹಳಿ ದಾಟಿ ಆಚೆ ನಿಂತಳು. ಮುದಕಮ್ಮ ಮೂರನೆಯ ಎಲೆ ಹಾಸಿ, ನೀರು ಚಿಮುಕಿಸಿ, ರೊಟ್ಟಿ ಮುರಿದಿಟ್ಟು, ಹಿಂಡಿ ಹಚ್ಚಿದಳು. ಒಂದು ಕಾಲದಲ್ಲಿ ಒದ್ದ ಎಲೆಯನ್ನು ಈಗ ಗಾಳಿಗೆ ಹಾರದಂತೆ ಕೈಯಿಂದ ಒತ್ತಿ ಹಿಡಿದಳು. ಆಮೇಲೆ ಸತ್ತವರನ್ನು ಒಬ್ಬೊಬ್ಬರನ್ನಾಗಿ ಉಣ್ಣಲು ಕರೆದಳು. ಗಂಡನ ಹೆಸರನ್ನು ಕರಿಯವ್ವ ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ.

"ಉಣ್ಣಾಕ ಬಾರಪ್ಪ ಬಾಲಪ್ಪ," ಎಂದಳು ಮುದಕಮ್ಮ.

ಆ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ಈಗ ಹಳಿಯ ಆಚೆ ನಿಂತವಳ ಪಾಲಿಗೆ ಬಂದಿತ್ತು. ಕರಿಯವ್ವ ಅದನ್ನು ಬೇಡವೆನ್ನಲಿಲ್ಲ.