ಸೇತುವೆಯವರೆಗೆ ಒಂದು ಪದ್ಯ

ರೇಡಾರ್ ಗನ್ನಿನ ಬೆನ್ನಿನ ಮೇಲೆ ಅರವತ್ತೆರಡು ಎಂದು ಕೆಂಪಗೆ ಹೊಳೆಯಿತು. ಆ ರಸ್ತೆಗೆ ಐವತ್ತರ ಮಿತಿ. ಸೇತುವೆಯ ಈಚೆ ಡ್ಯೂಟಿಯಲ್ಲಿದ್ದ ಟ್ರಾಫಿಕ್ ಪೊಲೀಸಮ್ಮ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದಳು. ಆಮೇಲೆ ನಂಬರ್ ಪ್ಲೇಟ್ ಓದಿದಳು. ಅದು ಅಪ್ಪನ ಕಾರು.

ಅಪ್ಪ ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಂಡದ ಚೀಟಿ ಅವರ ಹೆಸರಿಗೆ ಬಂದಿರಲಿಲ್ಲ. ಮನೆಗೆ ಯಾರೇ ಬಂದರೂ ನೀರು ಕೊಡುವ ಮೊದಲೇ ಆ ಸಂಗತಿ ಕೊಡುತ್ತಿದ್ದರು.

"ಅಪ್ಪಾ, ಅರವತ್ತೆರಡು."

"ಯಾರ ವಯಸ್ಸೇ?"

"ನಿಮ್ಮ ಸ್ಪೀಡು."

"ಹೋಗೇ! ನಲವತ್ತೆಂಟು. ಕೂದಲೆಳೆ ಹೆಚ್ಚಿಲ್ಲ."

ಜೀಪಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಮೀಸೆಯಲ್ಲೇ ನಕ್ಕರು. "ಬಿಡಮ್ಮಾ, ಹಿರಿಯರು. ಬಾಯಲ್ಲಿ ಹೇಳಿ ಕಳಿಸು."

ಅಪ್ಪನಿಗೆ ಅದು ಬೈಗುಳದಂತೆ ಕೇಳಿಸಿತು. ಬಾಗಿಲು ತೆರೆದು ಇಳಿದೇಬಿಟ್ಟರು. "ಬಿಡೋದಕ್ಕೆ ನಾನೇನು ಸಿಕ್ಕಿಬಿದ್ದ ಕಳ್ಳನಾ ಸ್ವಾಮಿ? ತಪ್ಪು ಮಾಡಿದ್ರೆ ಬರೀಲಿ. ಈ ಡಬ್ಬ ಸುಳ್ಳು ಹೇಳ್ತಿದೆ ಅಂತಿದ್ದೀನಿ ಅಷ್ಟೆ."

"ನಲವತ್ತೆಂಟು ಅಂತ ಹ್ಯಾಗೆ ಹೇಳ್ತೀರಿ? ಮೀಟರ್ ನೋಡಿದ್ರಾ?" ಎಂದರು ಸಾಹೇಬರು.

"ಮೀಟರ್ ಯಾಕೆ? ಅಂಚೆ ಕಚೇರಿ ತಿರುವಲ್ಲಿ ಪದ್ಯ ಎತ್ತಿಕೊಂಡೆ, ಸೇತುವೆ ಹತ್ರ ಮುಗೀತು. ಮೂವತ್ತೆಂಟು ವರ್ಷದಿಂದ ಹಾಗೇ ಮುಗಿಯುತ್ತೆ."

ಮಗಳಿಗೆ ಅದು ಗೊತ್ತಿತ್ತು. ಚಿಕ್ಕವಳಿದ್ದಾಗ ರಜೆ ಬಂತೆಂದರೆ ಡ್ರೈವರ್ ಸೀಟಿನ ಹಿಂದಿನ ಜಾಗ ಅವಳದೇ. ಅಪ್ಪ ಮೆಲುದನಿಯಲ್ಲಿ ಪದ್ಯ ಹೇಳುವರು, ಬಸ್ಸು ಅದರ ನಡೆಗೆ ಹೊಂದಿಕೊಂಡು ಸಾಗುವುದು. ಎದುರಿನ ಗಡಿಯಾರದಲ್ಲಿ ಅವಳೇ ಎಣಿಸಿದ್ದಳು: ತಿರುವಿನಿಂದ ಸೇತುವೆಗೆ ಸರಿಯಾಗಿ ಒಂದು ನಿಮಿಷ.

ಈಗ ಆ ಪದ್ಯಕ್ಕೂ ಕೈಯಲ್ಲಿರುವ ಗನ್ನಿಗೂ ವ್ಯಾಜ್ಯ. ಒಂದನ್ನು ಸುಳ್ಳೆನ್ನಲು ನಾಲಿಗೆ ಏಳದು, ಇನ್ನೊಂದನ್ನು ಸುಳ್ಳೆನ್ನಲು ಕೆಲಸ ಬಿಡದು.

"ಗನ್ನು ಒಂದು ಅಲೆ ಬಿಡುತ್ತೆ ಅಪ್ಪಾ. ಅದು ಗಾಡಿಗೆ ಬಡಿದು ವಾಪಸ್ ಬರುತ್ತೆ. ಗಾಡಿ ಎದುರಿಗೆ ನುಗ್ಗಿ ಬರ್ತಿದ್ರೆ, ವಾಪಸ್ ಬರೋ ಅಲೆಯ ಶ್ರುತಿ ಏರಿರುತ್ತೆ. ಎಷ್ಟು ಏರಿತು ಅಂತ ನೋಡಿ ವೇಗ ಹೇಳುತ್ತೆ."

"ಶ್ರುತಿನಾ?" ಅಪ್ಪನ ಹುಬ್ಬು ಮೇಲೇರಿತು. "ಅದು ಸರಿಯಿದೆ ಅನ್ನೋದಕ್ಕೆ ಏನು ಗ್ಯಾರಂಟಿ?"

ಅವಳು ಗನ್ನಿನ ಪೆಟ್ಟಿಗೆಯಿಂದ ತಟ್ಟಿದರೆ ನಾದ ಹೊರಡಿಸುವ, ಕವಲೊಡೆದ ಪುಟ್ಟ ಲೋಹದ ಶ್ರುತಿಕವೆ ತೆಗೆದಳು. ದಿನವೂ ಡ್ಯೂಟಿಗೆ ಮುಂಚೆ ಅದರಿಂದಲೇ ಗನ್ನಿನ ಪರೀಕ್ಷೆ. ಮೇಲೆ ಎಂಬತ್ತು ಎಂದು ಕೊರೆದಿತ್ತು. ಅದು ನಡುಗಿದರೆ ಗನ್ನಿಗೆ ಎಂಬತ್ತರ ವೇಗದಲ್ಲಿ ಗಾಡಿ ಬಂದಂತೆ. ಬೂಟಿನ ಹಿಮ್ಮಡಿಗೆ ತಟ್ಟಿ ಗನ್ನಿನ ಮುಂದೆ ಹಿಡಿದಳು. ಎಂಬತ್ತು ಬಂತು.

ಅಪ್ಪ ಅಂಕಿ ನೋಡಲಿಲ್ಲ. ಕವೆಯನ್ನು ಇಸಿದುಕೊಂಡು, ತಾವೇ ಚಪ್ಪಲಿಗೆ ತಟ್ಟಿ, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಲಾರಿಯೊಂದು ಧೂಳೆಬ್ಬಿಸಿ ಹೋಯಿತು, ಅವರು ಕದಲಲಿಲ್ಲ.

"ನಾದ ಶುದ್ಧವಾಗಿದೆ," ಎಂದರು ಕೊನೆಗೆ. ಮುಖ ಸಣ್ಣದಾಯಿತು. "ಇದು ಸುಳ್ಳು ಹೇಳೋ ಕಂಠ ಅಲ್ಲ. ಹಾಗಾದ್ರೆ ನನ್ನ ಪದ್ಯ?"

ಮಗಳು ಕವೆಯನ್ನು ವಾಪಸ್ ತೆಗೆದುಕೊಂಡಳು. "ಒಂದು ಸಲ ಹೇಳಿ ಅಪ್ಪಾ. ಇವತ್ತು ಕಾರಲ್ಲಿ ಹ್ಯಾಗೆ ಹೇಳಿದ್ರೋ ಹಾಗೇ."

ಅಪ್ಪ ರಸ್ತೆಯ ಬದಿಯಲ್ಲೇ ಶುರುಮಾಡಿದರು. ಸಾಹೇಬರು ಬಾನೆಟ್ಟಿನ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡು ನೆಟ್ಟಗೆ ನಿಂತರು. ಮಾತು ಅದೇ, ರಾಗವೂ ಅದೇ. ಆದರೆ ಕಾಲ್ಬೆರಳು ಕುಣಿಯುತ್ತಿತ್ತು, ಒಂದು ಸಾಲು ಇನ್ನೊಂದರ ಹೆಗಲೇರಿ ಬರುತ್ತಿತ್ತು. ಮುಗಿದಾಗ ಅವಳು ಕೈಗಡಿಯಾರ ಮುಂದೆ ಹಿಡಿದಳು.

"ನಲವತ್ತಾರು ಸೆಕೆಂಡು. ಪದ್ಯಾನೇ ಓಡಿದೆ ಅಪ್ಪಾ. ಕಾರು ಪಾಪ ಅದರ ಹಿಂದೆ ಬಂದಿದೆ."

ಅಪ್ಪ ಕಿವಿಯವರೆಗೂ ಕೆಂಪಾಗಿ ತಲೆ ಕೆರೆದುಕೊಂಡರು.

"ನಿಮ್ಮಮ್ಮ ಬೆಳಿಗ್ಗೆ ಕೋಲಿಲ್ದೆ ನಡೆದಳು ಕಣೇ. ಕಾಲು ಮುರಿದು ನಾಲ್ಕು ತಿಂಗಳಾದ ಮೇಲೆ! ಅಡುಗೆಮನೆಯಿಂದ ಗೇಟಿನ ತನಕ ಬಂದು, 'ಕಾರು ಒರೆಸಿಲ್ವಲ್ರೀ' ಅಂತ ಬೈದಳು. ಸಂಜೆ ಹೇಳೋಣ ಅಂತಿದ್ದೆ."

ಸಾಹೇಬರು ಕೆಮ್ಮಿ, "ಈಗಲಾದ್ರೂ ಬಿಟ್ಟುಬಿಡಮ್ಮಾ," ಎಂದರು.

"ಬೇಡ ಸ್ವಾಮಿ. ನೀ ಚೀಟಿ ಬರಿ ಮಗಳೇ," ಎಂದರು ಅಪ್ಪ.

"ಮೂವತ್ತೆಂಟು ವರ್ಷ ಅಪ್ಪಾ..."

"ಅದು ಹಾಗೇ ಇರಲಿ. ಇದು ಬೇರೆ."

ಅವಳು ಕಣ್ಣೊರೆಸಿಕೊಂಡು ಚೀಟಿ ಪುಸ್ತಕ ತೆರೆದಳು. ಅಪ್ಪ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಅರವತ್ತೆರಡು ಅನ್ನೋದನ್ನ ದಪ್ಪಗೆ ಬರಿಯೇ. ನಿಮ್ಮಮ್ಮನಿಗೆ ಕನ್ನಡಕ ಇಲ್ದೆ ಕಾಣಬೇಕು."